ನಾಲ್ಕನೆಯ ಪರಿಹಾರ

ಗೈಡ್: ನೀನು ಮೂರು ವರ್ಷ ಕೂತು ಮೂರು ಪರಿಹಾರ ಕಂಡುಹಿಡಿದೆ. ವರ್ಷಕ್ಕೊಂದು. ನಾನು ಒಂದೇ ಬೇಸಿಗೆ ರಜೆಯಲ್ಲಿ ನಾಲ್ಕು ಎಣಿಸಿದ್ದೆ.

ವಿದ್ಯಾರ್ಥಿನಿ: ಎಣಿಸಿದ್ರಿ ಸಾರ್. ಆದ್ರೆ ಇರೋದು ಮೂರೇ.

ಗಣಿತ ವಿಭಾಗದ ಕೋಣೆ. ಮೇಜಿನ ಮೇಲೆ ಅವಳ ಪಿಎಚ್.ಡಿ. ಪ್ರಬಂಧ, ಅದರ ಮೇಲೆ ಮುಚ್ಚಳ ತೆಗೆಯದ ಪೆನ್ನು. ಐದಕ್ಕೆ ಕಚೇರಿ ಮುಚ್ಚುತ್ತದೆ. ಅಷ್ಟರೊಳಗೆ ಗೈಡ್ ಸಹಿ ಬೀಳದಿದ್ದರೆ ಅವಳ ಪದವಿ ಇನ್ನೊಂದು ವರ್ಷ ಮುಂದಕ್ಕೆ. ಜಗಳ ಮೊದಲ ದರ್ಜೆಯ ಒಂದು ಅವಕಲ ಸಮೀಕರಣದ್ದು, ಅಂದರೆ ಡಿಫರೆನ್ಶಿಯಲ್ ಈಕ್ವೇಶನ್ನಿನದು. ಅದಕ್ಕೆ ಆವರ್ತ ಪರಿಹಾರಗಳು, ಅಂದರೆ ವರ್ಷವಿಡೀ ಏರಿಳಿದು ಹೊರಟಲ್ಲಿಗೇ ಮರಳುವ ಗೆರೆಗಳು, ಎಷ್ಟು? ಮೊದಲ ಮೂರನ್ನು ಕಂಡುಹಿಡಿದವರು ಗೈಡ್ ಅವರ ಗುರುಗಳು. ನಾಲ್ಕನೆಯದು ಗೈಡ್ ಅವರದು. ಇಪ್ಪತ್ತು ವರ್ಷಗಳಿಂದ ಅದೊಂದೇ ಅವರ ಬಂಡವಾಳ.

ಗೈಡ್: ಗುರುವಿಗೇ ತಿರುಮಂತ್ರ. ಸರಿ ತಾಯಿ, ನನ್ನದೆಲ್ಲಿ ಹೋಯ್ತು? ಇಲಿ ತಿಂತಾ?

ವಿದ್ಯಾರ್ಥಿನಿ: ಎಲ್ಲೂ ಹೋಗಿಲ್ಲ ಸಾರ್. ಮೂರನೆಯದೇ ನಾಲ್ಕನೆಯದು.

ಅವಳು ನಕ್ಷೆ ಬಿಡಿಸಿಟ್ಟಳು. ಮೂರನೆಯ ಗೆರೆಯನ್ನು ಗುರುಗಳು ನಕ್ಷೆಯ ಜನವರಿಯಲ್ಲಿ, ಅದು ಎರಡರ ಎತ್ತರದಲ್ಲಿದ್ದಾಗ ಗುರುತಿಸಿದ್ದರು. ಗೈಡ್ ತಮ್ಮದನ್ನು ಜುಲೈಯಲ್ಲಿ, ಐದರ ಎತ್ತರದಲ್ಲಿ ಹಿಡಿದಿದ್ದರು. ಅವಳ ಪೆನ್ಸಿಲ್ ಮೂರನೆಯ ಗೆರೆಯ ಜಾಡು ಹಿಡಿದು ಎರಡರಿಂದ ಹೊರಟು, ಮೆಲ್ಲಗೆ ಏರಿ, ಜುಲೈಗೆ ಸರಿಯಾಗಿ ಐದನ್ನು ಮುಟ್ಟಿತು.

ಗೈಡ್: ಮುಟ್ಟಿದ್ರೇನಾಯ್ತು? ದಾರೀಲಿ ಇಬ್ಬರು ಎದುರಾಗಲ್ವಾ?

ವಿದ್ಯಾರ್ಥಿನಿ: ಈ ಸಮೀಕರಣದಲ್ಲಿ ಆಗಲ್ಲ ಸಾರ್. ಒಂದು ಸಲ ತಾಗಿದ್ರೆ ಎರಡೂ ಒಂದೇ ಗೆರೆ. ನೀವೇ ಮೊದಲ ಕ್ಲಾಸಲ್ಲಿ ಹೇಳಿಕೊಟ್ಟಿದ್ದು.

ಗೈಡ್: ಹೇಳಿಕೊಟ್ಟಿದ್ದರಲ್ಲಿ ಅದೊಂದೇ ತಲೆಗೆ ಹತ್ತಿತಾ?

ವಿದ್ಯಾರ್ಥಿನಿ: ಹಾಜರಿ ಪುಸ್ತಕದಲ್ಲಿ ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ ಹಾಕ್ತೀರಿ. ಅದಕ್ಕೆ ನಿಮ್ಮನ್ನ ಇಬ್ಬರು ಅಂತ ಎಣಿಸ್ತಾರಾ ಸಾರ್?

ಗೈಡ್: ಇಬ್ಬರ ಕೆಲಸ ಒಬ್ಬನೇ ಮಾಡ್ತೀನಿ. ಅದನ್ನೂ ಯಾರೂ ಎಣಿಸಲ್ಲ.

ಅವರು ಕನ್ನಡಕ ಏರಿಸಿ ಅವಳ ಲೆಕ್ಕವನ್ನು ಮೂರು ಸಲ ಓದಿದರು. ಮೂರನೆಯ ಸಲ ಒಂದು ಅಲ್ಪವಿರಾಮ ತಪ್ಪಿದ್ದು ಸಿಕ್ಕಿತು. ಅದಕ್ಕೆ ದೊಡ್ಡದೊಂದು ಸುತ್ತು ಹಾಕಿ, ಇದೇ ನೋಡು ಈಗಿನವರ ಯೋಗ್ಯತೆ ಎಂದರು. ಬೇರೇನೂ ಸಿಗಲಿಲ್ಲ. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

ಗೈಡ್: ಒಂದನ್ನ ಹೊಡೆದು ಹಾಕಬೇಕು ಅಂತೀಯ. ಯಾವುದನ್ನ?

ವಿದ್ಯಾರ್ಥಿನಿ: ಯಾವುದಾದ್ರೂ ಸರಿ ಸಾರ್. ಎರಡೂ ಒಂದೇ ತಾನೇ.

ಗೈಡ್ ಪೆನ್ನಿನ ಮುಚ್ಚಳ ತೆಗೆದರು.

ಗೈಡ್: ಹಾಗಾದ್ರೆ ಮೂರನೆಯದನ್ನ ಹೊಡಿ. ನಮ್ಮ ಗುರುಗಳಿಗೆ ಇನ್ನೂ ಎರಡಿವೆ.

ವಿದ್ಯಾರ್ಥಿನಿ: ಒಂದು, ಎರಡು, ನಾಲ್ಕು ಅಂತ ಬರೀಲಾ ಸಾರ್?

ಗೈಡ್ ಸಹಿ ಹಾಕಿ, ಪ್ರಬಂಧವನ್ನು ಅವಳತ್ತ ತಳ್ಳಿದರು.

ಗೈಡ್: ಬರಿ. ಒಟ್ಟು ಮೂರೇ ಆಯ್ತಲ್ಲ, ನಿನ್ನ ಹಟವೇ ಗೆದ್ದಿತು.