ಸೋವಿ ವಿಮಾನದಲ್ಲಿ ಅಕ್ಕನ ಸೀಟು

ಒಂದು ಸಲ ಬೆಲೆ ಕೊಟ್ಟು ಕೊಂಡದ್ದಕ್ಕೆ ಮತ್ತೊಂದು ಸಲ ಬೆಲೆ ಕೊಡುವುದು ಅಧರ್ಮ ಎಂದೇ ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ರಾಯಚೂರಿನ ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಇಡ್ಲಿ ತಂದಿಟ್ಟವನು, "ಚಟ್ನಿಗೆ ಬ್ಯಾರೆ ರೊಕ್ಕ, ತಾಟಿಗೆ ಬ್ಯಾರೆ ರೊಕ್ಕ, ಕುರ್ಚಿ ಮ್ಯಾಲ ಕೂಡ್ತೀನಂದ್ರ ಅದಕ್ಕೂ ಬ್ಯಾರೆ" ಎಂದನೆನ್ನಿ. ಏನಾಗುತ್ತದೆ? ಗಲ್ಲಾದ ಮುಂದೆ ಜನ ಸೇರುತ್ತದೆ. ಮಾನ್ವಿ ಬಸ್ಸಿನ ಕಂಡಕ್ಟರು ಟಿಕೆಟು ಕೊಟ್ಟ ಮೇಲೆ, "ಕಿಡಕಿ ಬಾಜೂಕ ಕೂಡೋರು ಇನ್ನಷ್ಟು ತಗೀರಿ" ಎಂದರೆ ಆ ಬಸ್ಸು ದಾರಿಯ ಕಲ್ಮಲಾ ಊರನ್ನಾದರೂ ದಾಟೀತೇ? ಆದರೆ ಇದೇ ಜನ, ಇದೇ ನಮ್ಮ ಜಗಳಗಂಟ ಜನ, ನೆಲ ಬಿಟ್ಟು ಮೇಲೆ ಹಾರುವ ವಿಷಯ ಬಂದೊಡನೆ ಬೆಕ್ಕಿನ ಮರಿಗಳಾಗುತ್ತಾರೆ. ಚೀಲಕ್ಕೆ ಬೇರೆ, ನೀರಿಗೆ ಬೇರೆ, ಕಿಟಕಿಗೆ ಬೇರೆ ಎಂದರೆ ಮೊಬೈಲಿನಲ್ಲಿ ಒತ್ತಿ ಒತ್ತಿ ಕೊಟ್ಟು, ಕೊನೆಗೆ ಥ್ಯಾಂಕ್ಯೂ ಎಂದು ಬೇರೆ ಹೇಳುತ್ತಾರೆ. ಇದನ್ನು ನೆನೆದರೆ ಈಗಲೂ ನನ್ನ ಕೈ ಅಂಗಿಯ ಜೇಬಿನಲ್ಲಿ ಸೀಟಿಯನ್ನು ಹುಡುಕುತ್ತದೆ.

ಸೀಟಿ ಏಕೆಂದರೆ, ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರನಾಗಿದ್ದು ನಿವೃತ್ತನಾದವನು. ಈಗ ರಾಯಚೂರಿನಲ್ಲಿ ಮನೆ. ಸೀಟಿ ಹೋಯಿತು, ಶಿಸ್ತು ಹೋಗಲಿಲ್ಲ. ಬೆಳಗಿನ ನಡಿಗೆ, ಸ್ನಾನ, ರೊಟ್ಟಿ, ಪೇಪರು ಎಲ್ಲಕ್ಕೂ ಹೊತ್ತು ಗೊತ್ತು. "ಗೋಡಿ ಗಡಿಯಾರ ನಿಂತ್ರ ನಮಗೇನು ಚಿಂತಿಲ್ಲ. ಇವರು ಬಚ್ಚಲಕ್ಕ ಹೋದ್ರಂದ್ರ ಆರು ಹೊಡೀತು ಅಂತ ತಿಳಕೊಂಡ್ರಾತು" ಎಂದು ನನ್ನ ಹೆಂಡತಿ ಸರೋಜಾ ಬಂದವರ ಮುಂದೆಲ್ಲ ಹೇಳುತ್ತಾಳೆ. ಅದು ಹೊಗಳಿಕೆಯೆಂದೇ ನಾನು ಭಾವಿಸಿದ್ದೇನೆ.

ವಿಮಾನದ ಮಾತು ನಮ್ಮ ಮನೆಗೆ ಬಂದದ್ದು ಅಕ್ಕನಿಂದ. ನನ್ನ ಅಕ್ಕ ನಾಗಮ್ಮ ದೇವದುರ್ಗದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ದೊಡ್ಡ ಸಂಸಾರದ ನಡುವೆ ಇದ್ದಾಳೆ. ಒಮ್ಮೆ ಕಾಶಿ ನೋಡಬೇಕೆಂಬ ಅವಳ ಆಸೆಗೆ ಮೊದಲು ಮಕ್ಕಳ ಮದುವೆಗಳು ಅಡ್ಡ ಬಂದವು, ಆಮೇಲೆ ಬಾಣಂತನಗಳು ಬಂದವು, ಈಗ ಮೊಣಕಾಲು ಬಂದಿದೆ. ಎರಡು ರಾತ್ರಿಯ ರೈಲು ಈ ಕಾಲಿಗೆ ಸಾಧ್ಯವೇ ಇಲ್ಲ ಎಂದು ಡಾಕ್ಟರು ಕೈ ಚೆಲ್ಲಿದರು. ಉಳಿದದ್ದು ವಿಮಾನ. ಹೈದರಾಬಾದಿನವರೆಗೆ ಕಾರು, ಅಲ್ಲಿಂದ ಎರಡು ತಾಸಿನ ಮಾತು. ಆದರೆ ವಿಮಾನವೆಂದೊಡನೆ ಅಕ್ಕ ಸೆರಗು ಬಾಯಿಗೆ ಹಿಡಿದಳು.

"ಮುಗಲಾಗ ಹೋಗೂದಂದ್ರ ಎದಿ ಝಲ್ ಅಂತದ ತಮ್ಮಾ. ನೀ ನನ್ನ ಬಾಜೂಕ ಕುಂತು ಕೈ ಹಿಡಕೊಂಡ್ರ ಬರ್ತೀನಿ. ಇಲ್ಲಾಂದ್ರ ಆ ವಿಶ್ವನಾಥಗ ದೇವದುರ್ಗದಿಂದಽ ಕೈ ಮುಗೀತೀನಿ."

"ಬಾಜೂಕಽ ಕೂಡ್ತೀನಿ ಯಕ್ಕಾ, ಅದೇನು ದೊಡ್ಡ ಮಾತು" ಎಂದು ನಾನು ಮಾತು ಕೊಟ್ಟೆ. ಅಷ್ಟು ಸಣ್ಣ ಮಾತಿಗೆ ಬೆಲೆಪಟ್ಟಿ ಇದೆಯೆಂದು ನನಗೇನು ಗೊತ್ತು?

ಗೊತ್ತು ಮಾಡಿಸಿದವನು ಶರಣಪ್ಪ. ಸರೋಜಾಳ ತಮ್ಮ. ಮಾನ್ವಿಯಲ್ಲಿ ರೈಸ್ ಮಿಲ್ಲು ಇಟ್ಟುಕೊಂಡಿದ್ದಾನೆ, ವ್ಯಾಪಾರಕ್ಕೆಂದು ಆಗಾಗ ಹಾರುತ್ತಾನೆ. ಒಂದು ಭಾನುವಾರ ಬಂದು, ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಮೊಬೈಲು ತೆರೆದ.

"ಎರಡು ಅದಾವ ನೋಡ್ರಿ ಮಾಮಾ. ಒಂದು ಸೋವಿ, ಒಂದು ತುಟ್ಟಿ."

"ತುಟ್ಟಿದ್ರಾಗ ಏನದ?"

"ಊಟ ಕೊಡ್ತಾರ. ಕಾಲು ಚಾಚಾಕ ಜಾಗ ಅದ. ದೊಡ್ಡ ಚೀಲ ನಡೀತದ. ನಿಮ್ಮಿಬ್ಬರಿಗೂ ಬಾಜೂ ಬಾಜೂ ಸೀಟು ಈಗಽ ಹಿಡೀಬಹುದು."

"ಸೋವಿದ್ರಾಗ?"

"ಸೋವಿದ್ರಾಗ ವಿಮಾನ ಅದ."

ಸೋವಿಯದೇ ಇರಲಿ, ಎರಡೂ ಹೋಗುವುದು ಒಂದೇ ಕಾಶಿಗೆ ತಾನೇ ಎಂದೆ. ಶರಣಪ್ಪ ಬೆರಳಿನಿಂದ ಪರದೆ ಸರಿಸುತ್ತ ಒಂದೊಂದಕ್ಕೂ ಇರುವ ಬೇರೆ ಬೇರೆ ದರ ಓದತೊಡಗಿದ. ಚೀಲದ ದರಕ್ಕೆ ಹಲ್ಲು ಕಚ್ಚಿದೆ. ಊಟದ ದರಕ್ಕೆ, ಬುತ್ತಿ ಕಟ್ಟಿಕೊಂಡು ಹೋಗುವೆನೆಂದೆ. ಅಕ್ಕಪಕ್ಕ ಕೂಡುವ ದರ ಬಂದಾಗ ಎದ್ದು ನಿಂತೆ.

"ಬಾಜೂಕ ಕೂಡಾಕ ರೊಕ್ಕ?"

"ಹೌದ್ರಿ. ಕೊಡಲಿಲ್ಲಂದ್ರ ಕಂಪ್ಯೂಟರ್ ಎಲ್ಲಿ ಒಗೀತದೋ ಅಲ್ಲಿ."

"ಅಕ್ಕ ತಮ್ಮ ಕೂಡಿ ಕೂಡಾಕ ತೆರಿಗಿ ಹಾಕಾವ ಅವನ್ಯಾವಾಂವಲೇ? ನಿಜಾಮನ ಕಾಲದಾಗೂ ಇಂಥಾದ್ದು ಇರಲಿಲ್ಲ!"

ನಿಜಾಮನ ಕಾಲವನ್ನು ನಾನು ನೋಡಿದವನಲ್ಲ, ಆದರೆ ಸಿಟ್ಟು ಬಂದಾಗ ನಮ್ಮ ಕಡೆ ಅವನನ್ನು ಕರೆಯುವುದು ವಾಡಿಕೆ. ಒಳಗಿನಿಂದ ಸರೋಜಾ ಕೈ ಒರೆಸಿಕೊಳ್ಳುತ್ತ ಬಂದಳು. "ಅಲ್ರೀ, ಅಕ್ಕಾರು ಕೇಳಿದ್ದು ಅದೊಂದಽ ಮಾತು. ಸುಮ್ಮನ ತುಟ್ಟಿದ್ದು ಮಾಡಿಸ್ರಿ."

"ರೊಕ್ಕದ ಪ್ರಶ್ನಿ ಅಲ್ಲ ಇದು. ತತ್ವದ ಪ್ರಶ್ನಿ."

"ರೊಕ್ಕ ಬಿಚ್ಚಲಾರದವರು ಎಲ್ಲಾರೂ ಮೊದಲು ಹಂಗಽ ಅಂತಾರ" ಎಂದು ಅವಳು ತಮ್ಮನ ಕಡೆ ನೋಡಿ ನಕ್ಕಳು. ಅಲ್ಲಿಗೆ ತೀರ್ಮಾನವಾಯಿತು. ಹೆಂಡತಿ ನಕ್ಕ ಮೇಲೆ ತುಟ್ಟಿಯದನ್ನು ಕೊಳ್ಳುವ ಗಂಡಸು ನಮ್ಮ ವಂಶದಲ್ಲಿ ಹುಟ್ಟಿಲ್ಲ. ಸೋವಿಯದರಲ್ಲೇ ಹೋಗುವ ಟಿಕೆಟು ಮಾಡಿಸಿದೆ. ಸೀಟಿನ ದರ ಕೊಡಲಿಲ್ಲ. ಬರುವ ಟಿಕೆಟನ್ನು ಅಕ್ಕನ ಕಾಲು ನೋಡಿಕೊಂಡು ಆಮೇಲೆ ಮಾಡಿಸಿದರಾಯಿತು ಎಂದುಕೊಂಡೆವು.

ಕೊಟ್ಟ ಮಾತು ನಾನು ಮರೆತಿರಲಿಲ್ಲ. ನನ್ನ ಬಳಿ ಉಪಾಯವಿತ್ತು. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಂತೆಯ ದಿನ ಬಸ್ಸು ಹತ್ತಿದವರಿಗೆ ಈ ಉಪಾಯವನ್ನು ವಿವರಿಸಬೇಕಿಲ್ಲ. ಬಸ್ಸು ಒಳಗೆ ತಿರುಗಿ ನಿಲ್ಲುವ ಮೊದಲೇ ಕಿಟಕಿಯಿಂದ ಟವಲು ಒಳಗೆ ಬಿದ್ದಿರಬೇಕು. ಟವಲು ಬಿದ್ದ ಸೀಟು ನೋಂದಣಿಯಾದ ಹೊಲವಿದ್ದಂತೆ. ಅದರ ಒಡೆಯ ಹೊರಗೆ ಚಹಾ ಕುಡಿಯುತ್ತಿದ್ದರೂ, ಶೇಂಗಾ ಕೊಳ್ಳುತ್ತಿದ್ದರೂ ಸೀಟು ಅವನದೇ. ಆಗದವರು ಟವಲಿನ ಪಕ್ಕ ನಿಂತು ಜಗಳವಾಡಬಹುದು, ಆದರೆ ಟವಲು ಎತ್ತುವುದಿಲ್ಲ. ಇದಕ್ಕಿಂತ ಒಳ್ಳೆಯ ಶಿಸ್ತು ಯಾವ ದೇಶದಲ್ಲಿದೆ? ಹುಡುಗರಿಗೆ ಸಾಲಾಗಿ ನಿಲ್ಲಲು ಕಲಿಸಿದ ಮಾಸ್ತರನೇ ಕಿಟಕಿಯಲ್ಲಿ ಟವಲು ಎಸೆಯುವುದೇ ಎಂದು ಯಾರಾದರೂ ಕೇಳಬಹುದು. ನಾನು ಎಸೆಯುವುದು ಸಾಲಿನ ಮೊದಲಿಗನಾಗಿ ನಿಂತು. ಮೊದಲು ಬಂದವನಿಗೆ ಮೊದಲ ಹಕ್ಕು. ಕಂಪ್ಯೂಟರು ಏನಾದರೂ ಒಗೆಯಲಿ, ಎಲ್ಲರಿಗಿಂತ ಮೊದಲು ಒಳಗೆ ಹೋದರೆ ನಮ್ಮ ಸೀಟು ನಮ್ಮದೇ ಎಂದು ನಾನು ನಿಶ್ಚಿಂತನಾಗಿದ್ದೆ.

ಹೈದರಾಬಾದಿನ ವಿಮಾನ ನಿಲ್ದಾಣವನ್ನು ನಾವು ಅಲ್ಲಿನ ಕಸಗುಡಿಸುವವರಿಗಿಂತ ಸ್ವಲ್ಪ ತಡವಾಗಿ ತಲುಪಿದೆವು. ಕೈಗೆ ಬಂದ ಚೀಟಿಗಳನ್ನು ನೋಡಿದರೆ ಕಂಪ್ಯೂಟರು ಒಗೆದೇಬಿಟ್ಟಿತ್ತು. ಅಕ್ಕ ಮುಂದೆ, ಇಬ್ಬರ ನಡುವಿನ ಸೀಟು. ನಾನು ಬಾಲದ ಹತ್ತಿರ, ಶೌಚಾಲಯದ ನೆರೆಯಲ್ಲಿ. ಅಕ್ಕನಿಗೆ ಹೇಳಲಿಲ್ಲ. ಅವಳು ಕೋಲು ಹಿಡಿದು, ಮಡಿಲಲ್ಲಿ ಬುತ್ತಿಯ ಚೀಲವಿಟ್ಟುಕೊಂಡು, "ಬಾಜೂಕಽ ಅಲ್ಲೇನೋ?" ಎಂದು ಮತ್ತೆ ಮತ್ತೆ ಕೇಳಿದಳು. "ಹೂಂ ಯಕ್ಕಾ" ಎಂದು ಮತ್ತೆ ಮತ್ತೆ ಹೇಳಿದೆ.

ವಯಸ್ಸಾದವರು ಮೊದಲು ಬನ್ನಿ ಎಂದು ಕೂಗಿದರು. ಜಯ ನಮ್ಮದೇ ಎಂದುಕೊಂಡೆ. ಅಕ್ಕ ನಿಧಾನವಾಗಿ ಕಾಲು ಎಳೆಯುತ್ತ ಬರುವಷ್ಟರಲ್ಲಿ ನಾನು ದಾಪುಗಾಲಿಟ್ಟು ಒಳಹೊಕ್ಕು, ಹಿಂದಿನವರೆಗೂ ಹೋಗಿ, ನನ್ನ ಪಕ್ಕದ ಸೀಟಿನ ಮೇಲೆ ಟವಲು ಹಾಸಿದೆ. ಹೆಗಲ ಮೇಲಿನದೇ. ಮಡಿಕೆ ಬಿಡಿಸಿ, ಅಂಚು ಸರಿ ಮಾಡಿ ಹಾಸಿದೆ. ಆದರೆ ಅಕ್ಕ ಬಾಗಿಲಲ್ಲೇ ಉಳಿದು, ಸ್ವಾಗತಕ್ಕೆ ಕೈ ಮುಗಿದ ಹುಡುಗಿಗೆ ತಾನೂ ಕೈ ಮುಗಿದು, ಅವಳ ಊರು, ತಂದೆ ತಾಯಿ ವಿಚಾರಿಸುತ್ತಿದ್ದಳು. ಅವಳ ಬದಿಯಿಂದ ನುಸುಳಿ ಜನ ಒಳಗೆ ಬರತೊಡಗಿದರು. ಕೈತುಂಬ ಮೆಹಂದಿಯ ಹೊಸ ಹೆಂಡತಿಯೊಂದಿಗೆ ಒಬ್ಬ ಯುವಕ ನನ್ನ ಸಾಲಿಗೆ ಬಂದು ನಿಂತ. ಸೀಟಿನ ನಂಬರು ನೋಡಿದ. ಬಗ್ಗಿ ಟವಲು ಎತ್ತಿದ. ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟ.

"ಅಂಕಲ್, ಆಪ್ಕಾ ಟವಲ್."

ನನ್ನ ಟವಲನ್ನು ಸೀಟಿನ ಮೇಲಿಂದ ಇನ್ನೊಬ್ಬನ ಕೈ ಎತ್ತಿದ್ದು ಅದೇ ಮೊದಲು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಮಡಚಿ ಕೊಟ್ಟಿದ್ದ!

"ಯೇ ಸೀಟ್ ಪಕಡ್ಯಾ ಹೈ! ಅಮಾರಾ ಅಕ್ಕಾ ಆತಾ ಹೈ!" ಎಂದು ಗುಡುಗಿದೆ. ನನ್ನ ಹಿಂದಿಯಲ್ಲಿ ಗಂಡು ಹೆಣ್ಣಿನ ಭೇದವಿಲ್ಲ.

ಅವನು ಸಿಟ್ಟಾಗಲಿಲ್ಲ. "ಸಾಥ್ ಬೈಠ್ನೇ ಕೂ ಅಲಗ್ ಪೈಸೇ ದಿಯೇ ಅಂಕಲ್" ಎಂದು ಚೀಟಿ ತೋರಿಸಿದ. ಜೊತೆಗೆ ಕೂಡಲು ಅವರು ಬೇರೆ ಹಣ ಕೊಟ್ಟಿದ್ದರಂತೆ. ಅನ್ಯಾಯಕ್ಕೆ ತಲೆಬಾಗಿದವರು ಕೂಡಿ ಕೂಡುತ್ತಾರೆ, ಎದುರಿಸಿ ನಿಂತವನ ಅಕ್ಕ ಒಂಟಿಯಾಗುತ್ತಾಳೆ. ಇದೆಂಥ ನ್ಯಾಯ ಎಂದು ಅಲ್ಲಿಗೆ ಬಂದ ಗಗನಸಖಿಯನ್ನು ಕೇಳಿದೆ. ನಲವತ್ತು ಹುಡುಗರನ್ನು ಒಂದೇ ಸೀಟಿ ಊದಿ ನಿಲ್ಲಿಸುತ್ತಿದ್ದವನ ದನಿಯಲ್ಲಿಯೇ ಕೇಳಿದೆ. ಅವಳು ಕನ್ನಡದವಳು. ನಗುತ್ತಲೇ ಹೇಳಿದಳು: "ಸರ್, ಎಲ್ಲರೂ ಅವರವರ ಜಾಗದಲ್ಲಿ ನಿಂತರೆ, ಸಾರಿ, ಕುಳಿತರೆ ಮಾತ್ರ ನಾವು ಮುಂದೆ ಹೋಗೋಕಾಗೋದು."

ಇದೇ ವಾಕ್ಯವನ್ನು ಮಾನ್ವಿಯ ಮೈದಾನದಲ್ಲಿ ಎಷ್ಟು ವರ್ಷ ನಾನೇ ಹೇಳಿದ್ದೇನೆ! ನನ್ನ ಹುಡುಗರು ಆಗ ನನ್ನನ್ನು ಹೇಗೆ ನೋಡುತ್ತಿದ್ದರು ಎಂಬುದು ಆ ಕ್ಷಣ ಚೆನ್ನಾಗಿ ಅರ್ಥವಾಯಿತು.

ನಡುದಾರಿಯಲ್ಲಿ ಕೋಲೂರಿ ನಿಂತ ಅಕ್ಕ, "ಏನಾತೋ ತಮ್ಮಾ?" ಎಂದಳು. ನಾನು ಟವಲು ಹಿಡಿದು ನಿಂತಿದ್ದೆ. ಅವಳಿಗೆ ಎಲ್ಲ ತಿಳಿಯಿತು. "ನನ್ನ ಜಾಗ ಎಲ್ಲಿ ಅದ ತೋರ್ಸವ್ವಾ" ಎಂದು ಆ ಗಗನಸಖಿಯ ತೋಳು ಹಿಡಿದು ಮುಂದಕ್ಕೆ ಹೋದಳು. ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಆ ನೋಟಕ್ಕಿಂತ ಸೀಟಿನ ದರ ಸೋವಿಯಾಗಿತ್ತು.

ವಿಮಾನ ಮೇಲೇರಿತು. ಬೆನ್ನು ಹಿಂದಕ್ಕೆ ಬಾಗದ ಆ ಕುರ್ಚಿಯಲ್ಲಿ ನನ್ನ ಮೊಣಕಾಲು ನನ್ನ ಗದ್ದವನ್ನು ವಿಚಾರಿಸುತ್ತಿತ್ತು. ಪಕ್ಕದಲ್ಲಿ ಹೊಸ ದಂಪತಿ ಬೆರಳಿಗೆ ಬೆರಳು ಹೆಣೆದು ಕುಳಿತಿದ್ದರು. ನನಗೆ ಅಕ್ಕನದೇ ಚಿಂತೆ. ಅತ್ತಳೋ, ಎದೆ ಹಿಡಿದುಕೊಂಡಳೋ. ಬೆಲ್ಟಿನ ದೀಪ ಆರಿದ್ದೇ ತಡ, ಎದ್ದು ಹೊರಟೆ. ದಾರಿಗೆ ಅಡ್ಡ ತಿಂಡಿಯ ಗಾಡಿ. ಗಾಡಿ ಇಂಚು ಇಂಚಾಗಿ ಮಾರುತ್ತ ಹೋಯಿತು, ನಾನು ಅದರ ಹಿಂದೆ ಇಂಚು ಇಂಚಾಗಿ ಹೋದೆ. ಏನೂ ಕೊಳ್ಳದವನು ಅಷ್ಟು ದೂರ ಗಾಡಿಯ ಬೆನ್ನು ಹತ್ತಿದ್ದು ಅವರಿಗೂ ಹೊಸದಿರಬೇಕು.

ಮುಂದೆ ಹೋಗಿ ನೋಡಿದರೆ ಅಕ್ಕನ ಒಂದು ಕೈಯನ್ನು ಕಿಟಕಿಯ ಬದಿಯ ಕಾಲೇಜು ಹುಡುಗಿಯೊಬ್ಬಳು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಕುಳಿತಿದ್ದಳು. ಅಕ್ಕನ ಇನ್ನೊಂದು ಕೈಯಲ್ಲಿ ಕಟಕ ರೊಟ್ಟಿಯಿತ್ತು. ಅಂಥದೇ ಇನ್ನೊಂದಕ್ಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಸಿಕೊಂಡು ಈಚೆ ಬದಿಯ ಸೂಟಿನ ಮನುಷ್ಯ ಕಟಂ ಕಟಂ ಎನಿಸುತ್ತಿದ್ದ.

"ಈ ಕೂಸು ಭಾಳ ಅಂಜಾಕತ್ತದ ತಮ್ಮಾ. ನಾ ಹಿಡಕೊಂಡೀನಿ" ಎಂದಳು ಅಕ್ಕ ಪಿಸುದನಿಯಲ್ಲಿ. "ನೀ ಯಾಕ ಎದ್ದು ಬಂದಿ? ಹೋಗು, ಬೆಲ್ಟ್ ಹಾಕ್ಕೊಂಡು ಸುಮ್ಮನ ಕೂಡು."

ಕಾಶಿಯ ದರ್ಶನ ಚೆನ್ನಾಗಿಯೇ ಆಯಿತು. ಆದರೆ ಗಂಗೆಯ ಮೆಟ್ಟಿಲ ಮೇಲೂ ಅಕ್ಕನ ಆ ತಿರುಗಿ ನೋಡಿದ ಕಣ್ಣು ನನ್ನನ್ನು ಬಿಡಲಿಲ್ಲ. ಶರಣಪ್ಪನಿಗೆ ಫೋನು ಮಾಡಿದೆ. "ಬರಾಕ ತುಟ್ಟಿದ್ದು ಮಾಡು. ಬಾಜೂ ಬಾಜೂ ಇರ್ಲಿ. ನಿಮ್ಮಕ್ಕಗ ಹೇಳಬ್ಯಾಡ." ಅವನು ಆಗ ನಮ್ಮ ಮನೆಯಲ್ಲೇ ಇದ್ದನೆಂದು ಕಾಣುತ್ತದೆ, ಫೋನಿನ ಆಚೆ ಸರೋಜಾ ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು.

ತುಟ್ಟಿ ವಿಮಾನದ ಮೇಲೆ ನನ್ನ ದೂರುಗಳು ಬೇರೆ. ಅಲ್ಲಿ ಸೀಟು ಹಿಂದಕ್ಕೆ ಬಾಗುತ್ತದೆ. ಎದುರಿನವನ ಸೀಟೂ ಬಾಗುತ್ತದೆ, ಆದ್ದರಿಂದ ಅವನ ಆರಾಮವೆಲ್ಲ ನನ್ನ ಮಡಿಲಿಗೆ ಬಂತು. ಮಧ್ಯಾಹ್ನದ ಊಟವೂ ಅಲ್ಲದ, ರಾತ್ರಿಯ ಊಟವೂ ಅಲ್ಲದ ಹೊತ್ತಿನಲ್ಲಿ ತಟ್ಟೆ ತಂದಿಟ್ಟರು. ಹೊತ್ತು ತಪ್ಪಿ ಒಂದು ಕಾಳು ಬಾಯಿಗೆ ಹಾಕದವನು ನಾನು, ಆದರೆ ಹಣ ಕೊಟ್ಟಾಗಿತ್ತು. ತಿಂದೆ. ಸಿಟ್ಟಿನಿಂದ ತಿಂದೆ. ಆದರೂ ಪಕ್ಕದಲ್ಲಿ ಅಕ್ಕ ಇದ್ದಳು, ಮಾತು ಉಳಿದಿತ್ತು. ಇನ್ನು ನನ್ನ ಕರ್ತವ್ಯ ನೋಡಬೇಕಲ್ಲ? ಬೆಲ್ಟು ಬಿಗಿ ಮಾಡೆಂದೆ, ಕಾಲು ನೇರ ಇಡೆಂದೆ, ಯಾಲಕ್ಕಿ ಅಗಿಯೆಂದೆ, ಕಿಟಕಿಗೆ ಹಣೆ ಹಚ್ಚಬೇಡವೆಂದೆ, ಚಹಾ ಬೇಡವೆಂದೆ, ಉಸಿರು ಮೂಗಿನಿಂದಲೇ ತೆಗೆದುಕೊ ಎಂದೆ. ಅಕ್ಕ ಎಲ್ಲವನ್ನೂ ಕೇಳಿದಳು. ಬೆಲ್ಟಿನ ದೀಪ ಆರಿತು. ಅವಳು ಕೋಲು ತೆಗೆದುಕೊಂಡು ಎದ್ದು, ನಾಲ್ಕು ಸಾಲು ಮುಂದೆ ಖಾಲಿಯಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿ ಗಗನಸಖಿಯ ಒಪ್ಪಿಗೆ ಪಡೆದು ಹೋಗಿ ಕುಳಿತಳು. ಅಲ್ಲಿ ಕರ್ನೂಲಿನ ಕಡೆಯ ಮುದುಕಿಯೊಬ್ಬಳಿದ್ದಳು. ಒಬ್ಬಳು ಕನ್ನಡ, ಒಬ್ಬಳು ತೆಲುಗು. ಹೈದರಾಬಾದು ಬರುವವರೆಗೂ ಅವರ ಮಾತು ನಿಲ್ಲಲಿಲ್ಲ.

ಹೋಗುವಾಗ ಹಣ ಕೊಡದೆ ಅಕ್ಕ ದೂರ ಕುಳಿತಳು, ಬರುವಾಗ ಹಣ ಕೊಟ್ಟ ಮೇಲೂ ದೂರ ಕುಳಿತಳು. "ನಿಮ್ಮ ಪಕ್ಕ ಖಾಲಿಯಾಯ್ತಲ್ಲ ಸರ್, ಆರಾಮಾಗಿ ಕೂತ್ಕೊಳ್ಳಿ" ಎಂದು ಗಗನಸಖಿ ಬಂದು ಹೇಳಿ ಹೋದಳು.

ಕಾರು ತಂದಿದ್ದ ಶರಣಪ್ಪ ಚೀಲ ಎತ್ತಿಡುತ್ತ ಕೇಳಿದ: "ಹೆಂಗಿತ್ರಿ ಅಕ್ಕಾರ? ಸೋವಿದ್ದು ಚಲೋನೋ, ತುಟ್ಟಿದ್ದು ಚಲೋನೋ?"

ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಸರಿಯಾಗಿ ಕುಳಿತಳು. "ವಿಮಾನ ಎರಡೂ ಚಲೋ ಅದಾವಪ್ಪಾ. ಬಾಜೂಕ ಯಾರು ಕೂಡ್ತಾರ ಅನ್ನೂದು ನೋಡಿ ಟಿಕೇಟು ತಗೀಬೇಕು" ಎಂದು, ಮುಂದಿನ ಬಾಗಿಲನ್ನು ಕೋಲಿನಿಂದ ತೋರಿಸಿದಳು. "ತಮ್ಮಾ, ನೀ ಮುಂದ ಕೂಡು."

ನಾನು ಮುಂದೆ ಕುಳಿತೆ. ಬೆಲ್ಟು ಹಾಕಿಕೊಂಡೆ. ವಿಮಾನದ ಕಂಪನಿಗಳಿಗೆಲ್ಲ ದೂರು ಕೊಡುವುದಕ್ಕೆ ವಿಳಾಸವಿದೆ. ಅಕ್ಕನ ಮೇಲಿನ ದೂರನ್ನು ಎಲ್ಲಿಗೆ ಕಳಿಸಬೇಕೆಂದು ರಾಯಚೂರು ಬರುವವರೆಗೂ ಯೋಚಿಸಿದೆ. ಹೊಳೆಯಲಿಲ್ಲ.