ಮೋಟಾರ್ ಸೈಕಲ್ಲಿನ ಮೇಲೆ ಮೊಬೈಲ್ ಚಾರ್ಜ್ ಮಾಡಿದ ಕುರಿತು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತವೂ ಅಷ್ಟಕ್ಕಷ್ಟೇ. ಅಲ್ಪಪ್ರಾಣ ಇರಬೇಕಾದಲ್ಲಿ ಮಹಾಪ್ರಾಣವನ್ನೂ, ಮಹಾಪ್ರಾಣ ಇರಬೇಕಾದಲ್ಲಿ ಏನನ್ನೂ ಇಡದೆಯೂ ಬರೆಯುವ ಅಭ್ಯಾಸ ನನಗೆ ಮೊದಲಿನಿಂದ ಇದೆ. ಆದ್ದರಿಂದ ಮುಂದಿನ ಸಾಲುಗಳನ್ನು ಓದುವ ಮುನ್ನವೇ ತಾವು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕೆಂದು ಕೋರುತ್ತೇನೆ. ಚಿಕ್ಕೋಡಿಯ ಒಂದು ಕಛೇರಿಯಲ್ಲಿ ನಾನು ಅನೇಕ ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಈವರೆಗೆ ನಾನು ಬರೆದದ್ದೆಲ್ಲ ಮೇಲಧಿಕಾರಿಗಳ ಸಹಿ ಹೊತ್ತು ಹೊರಗೆ ಹೋಗಿದೆ. ನನ್ನ ಸ್ವಂತ ಹೆಸರಿನಲ್ಲಿ ಬರೆದದ್ದೆಂದರೆ ರಜೆಯ ಅರ್ಜಿಗಳು ಮಾತ್ರ. ಅವುಗಳಲ್ಲಿ ‘ಕಾರಣ’ ಎಂಬ ಜಾಗದಲ್ಲಿ ಬರೆದದ್ದೆಲ್ಲವೂ ನಿಜವಾಗಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಹೀಗಾಗಿ ನನ್ನದೇ ಹೆಸರಿನಲ್ಲಿ ನಿಜವನ್ನು ಬರೆಯುತ್ತಿರುವುದು ಇದೇ ಮೊದಲ ಸಲ. ಕೈಗೆ ಇದರ ರೂಢಿಯಿಲ್ಲ. ಅಕ್ಷರ ಕೆಟ್ಟಿರುವುದಕ್ಕೆ ಅದೂ ಒಂದು ಕಾರಣವೆಂದು ಪರಿಗಣಿಸಬೇಕಾಗಿ ವಿನಂತಿ.

ವಿಷಯಕ್ಕೆ ಬರುತ್ತೇನೆ. ಸಂಸಾರಸ್ಥನಾದ ಮನುಷ್ಯನಿಗೆ ಮೊಬೈಲು ಕೊಟ್ಟ ಅತಿ ದೊಡ್ಡ ಉಪಕಾರವೆಂದರೆ ಅದರ ಚಾರ್ಜು ಮುಗಿಯುವುದು. ಮುಗಿಯದಿದ್ದರೂ ಮುಗಿಯಿತು ಎನ್ನಬಹುದು. ‘ಮಾರ್ಕೆಟ್ಟಿನಿಂದ ಕೊತ್ತಂಬರಿ ಯಾಕೆ ತರಲಿಲ್ಲ’ ಎಂದರೆ ‘ಚಾರ್ಜ್ ಹೋಗಿತ್ತು’. ‘ಏಳು ಸಲ ಫೋನ್ ಮಾಡಿದರೂ ಯಾಕೆ ಎತ್ತಲಿಲ್ಲ’ ಎಂದರೆ ‘ಚಾರ್ಜ್ ಹೋಗಿತ್ತು’. ಈ ಎರಡು ಶಬ್ದಗಳ ನೆರಳಿನಲ್ಲಿ ನಾನು ಬಹಳ ವರ್ಷ ತಂಪಾಗಿ ಬಾಳಿದೆ. ಆದರೆ ನನ್ನ ಹೆಂಡತಿ ಶೋಭಾ ಜಾಣೆ. ಒಂದು ಭಾನುವಾರ ಆಕೆ ತಾನೇ ನನ್ನ ಗಾಡಿಯ ಹಿಂದೆ ಕುಳಿತು, ಗಾಡಿ ರಿಪೇರಿಯ ಮಿಸ್ತ್ರಿಯ ಅಂಗಡಿಗೆ ಕರೆದುಕೊಂಡು ಹೋಗಿ, ಹ್ಯಾಂಡಲ್ಲಿನ ಮೇಲೆ ಮೊಬೈಲ್ ಇಡುವ ಹಿಡಿಕೆಯನ್ನೂ ಅದರ ಪಕ್ಕದಲ್ಲಿ ಚಾರ್ಜ್ ಮಾಡುವ ಯುಎಸ್‌ಬಿ ಕಿಂಡಿಯನ್ನೂ ಹಾಕಿಸಿಬಿಟ್ಟಳು. “ಇನ್ನ ಮ್ಯಾಲೆ ಗಾಡಿ ಮ್ಯಾಲಿದ್ರೂ ಚಾರ್ಜ್ ಹೋಗೂದಿಲ್ರಿ. ಏನ್ ನೆವಾ ಹೇಳತೀರಿ ನೋಡೂಣು” ಎಂದಳು. ನನ್ನ ವರ್ಷಗಳ ಆಸರೆ ಒಂದೇ ಮಧ್ಯಾಹ್ನದಲ್ಲಿ ಎರಡು ಸ್ಕ್ರೂ ಬಿಗಿದಷ್ಟು ಹೊತ್ತಿನಲ್ಲಿ ಹೋಯಿತು.

ಮಿಸ್ತ್ರಿ ಒಂದು ಮಾತು ಹೇಳಿದ್ದ. ಅದನ್ನು ಇಲ್ಲಿ ಯಥಾವತ್ತಾಗಿ ದಾಖಲಿಸುತ್ತೇನೆ. “ಸಾಹೇಬ್ರ, ಗಾಡಿ ಚಾಲೂ ಇದ್ದಾಗಷ್ಟ ವಾಯರ್ ಹಚ್ಚರಿ. ಇಂಜಿನ್ ಬಂದ್ ಮಾಡಿ ಚಾವಿ ಆನ್ ಇಟ್ಟ್ರಿ ಅಂದ್ರ ಮೊಬೈಲ್ ಬ್ಯಾಟರಿ ಎದ್ದ ಕುಂದರತೈತಿ, ಗಾಡಿ ಬ್ಯಾಟರಿ ಮಲಗತೈತಿ. ಮೊದಲ ಈ ಬ್ಯಾಟರಿ ಮುದುಕ ಆಗೈತಿ. ನಿಮ್ಮ ಗಾಡಿಗೆ ಕಿಕ್ಕರೂ ಇಲ್ಲ, ನೆನಪಿಡ್ರಿ.” ಕಛೇರಿಯಲ್ಲಿ ಸುತ್ತೋಲೆ ಬಂದಾಗ ತಲೆಯಾಡಿಸುವಂತೆ ತಲೆಯಾಡಿಸಿದೆ. ಸುತ್ತೋಲೆಗಳನ್ನು ಕಡತಕ್ಕೆ ಸೇರಿಸಿ ಕಟ್ಟಿ ಇಡುವಂತೆ ಆ ಮಾತನ್ನೂ ಕಟ್ಟಿ ಇಟ್ಟೆ. ಕಟ್ಟಿಟ್ಟ ಕಡತವನ್ನು ನಮ್ಮಲ್ಲಿ ಯಾರೂ ಬಿಚ್ಚುವ ಪದ್ಧತಿಯಿಲ್ಲ.

ಈಗ ಸತ್ತಿಯ ಪ್ರಕರಣ. ಕೃಷ್ಣಾ ನದಿಯ ದಂಡೆಯ ಸತ್ತಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಅಕ್ಕನ ಒಬ್ಬಳೇ ಮಗಳು ಸವಿತಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳ ಕುಬಸ, ಅಂದರೆ ಸೀಮಂತ, ನಿಶ್ಚಯವಾಗಿತ್ತು. ನಮ್ಮ ಮನೆತನದ ಪದ್ಧತಿಯಂತೆ ಕುಬಸದ ದಿನ ಬಸುರಿ ಸೋದರಮಾವ ತಂದ ಹಸಿರು ಸೀರೆಯನ್ನೇ ಉಟ್ಟು ಕುಳಿತುಕೊಳ್ಳಬೇಕು. ಆಮೇಲೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬಬೇಕು. ಉಡಿ ತುಂಬಿದ ಮೇಲೆಯೇ ಅವಳು ಊಟದ ಮೊದಲ ತುತ್ತು ತೆಗೆದುಕೊಳ್ಳಬೇಕು. ಸವಿತಾಗೆ ಇರುವ ಸೋದರಮಾವ ನಾನೊಬ್ಬನೇ. ಸೀರೆಯನ್ನು ನಿಪ್ಪಾಣಿಯಲ್ಲಿ ಶೋಭಾ ಆರಿಸಿದ್ದಳು. ಆದರೆ ಅದರ ಜೊತೆಗೆ ತೊಡುವ ಕುಬಸ, ಎಂದರೆ ರವಿಕೆ, ಹೊಲಿಯುವ ದರ್ಜಿ ಅದೇ ದಿನ ಬೆಳಿಗ್ಗೆ ಕೊಡುತ್ತೇನೆಂದದ್ದರಿಂದ ಆಕೆ ಎರಡು ದಿನ ಮುಂಚೆ ಸತ್ತಿಗೆ ಹೋಗಿ, ಸೀರೆ ಕುಬಸ ಎರಡನ್ನೂ ತರುವ ಜವಾಬ್ದಾರಿಯನ್ನು ನನಗೆ ವಹಿಸಿದ್ದಳು. ಹನ್ನೊಂದಕ್ಕೆ ಉಡಿ ತುಂಬುವುದು. ಬೆಳಿಗ್ಗೆ ಏಳಕ್ಕೆ ದರ್ಜಿಯ ಮನೆಯಿಂದ ಹೊರಟರೆ ರಾಯಬಾಗ, ಹೊಳೆಯ ಸೇತುವೆ, ಅಥಣಿ ದಾಟಿ ಸತ್ತಿ ಮುಟ್ಟಲು ಸಾಕಷ್ಟು ವೇಳೆ. ವೇಳೆ ಸಾಕಷ್ಟಿದೆ ಎಂಬ ಅರಿವೇ ನನ್ನಂಥವರಿಗೆ ಕುತ್ತು.

ನಾನು ಹೊರಡುವಾಗ ಎಂಟಾಗಿತ್ತು, ಆಗಲೇ ಸವಿತಾ ಫೋನ್ ಮಾಡಿದಳು. “ಮಾಮಾ, ಲೈವ್ ಲೊಕೇಶನ್ ಹಾಕ್ರಿ. ನೀವು ಎಲ್ಲಿ ಬಂದೀರಿ ಅಂತ ನೋಡಕೋತ ಕುಂದರತೇನಿ.” ಹಾಕಿದೆ. ಮನೆಯವರೂ ಬೀಗರೂ ಎಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿಯೇ ಹಾಕಿದೆ. ಹಾಕಿ, ಮರೆತೆ. ಓದುಗರು ಮರೆಯಬಾರದೆಂದು ಇದನ್ನು ಪ್ರತ್ಯೇಕವಾಗಿ ನಮೂದಿಸಿದ್ದೇನೆ.

ಹಿಂದಿನ ದಿನ ಸಂಜೆಯೆಲ್ಲ ಮೊಬೈಲಿನಲ್ಲಿ ಕುಸ್ತಿ ನೋಡಿದ್ದರಿಂದ ಚಾರ್ಜು ಶೇಕಡಾ ನಾಲ್ಕಕ್ಕೆ ಇಳಿದಿತ್ತು. ‘ಗಾಡಿಯ ಮೇಲೆ ಆಗುತ್ತದಲ್ಲ’ ಎಂದು ಹಿಡಿಕೆಗೆ ಸಿಕ್ಕಿಸಿ ವಾಯರ್ ಹಚ್ಚಿದೆ. ರಾಯಬಾಗ ದಾಟುವ ಹೊತ್ತಿಗೆ ಹದಿನೇಳು ಆಗಿತ್ತು. ಹೊಳೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಎಡಕ್ಕೆ ಒಂದು ಹೋಟೆಲಿನಿಂದ ಮೊಳಕೆಕಾಳಿನ ಖಾರದ ಮಿಸಳಿನ ವಾಸನೆ ಬಂತು. ನಾನು ಏನೂ ತಿಂದಿರಲಿಲ್ಲ. ಗಾಡಿಯನ್ನು ಎಡಕ್ಕೆ ತಿರುಗಿಸಿ ನಿಲ್ಲಿಸಿದೆ. ಚಾರ್ಜು ಹೇಗೂ ಏರುತ್ತಿದೆಯಲ್ಲ, ಅದನ್ನೇಕೆ ತಪ್ಪಿಸುವುದೆಂದು ಚಾವಿಯನ್ನು ಆನ್ ಇಟ್ಟೇ ಒಳಗೆ ಹೋಗಿ, ಗಾಡಿ ಕಾಣುವಂತೆ ಕಿಟಕಿಯ ಪಕ್ಕ ಕುಳಿತೆ. ಎಡ ಇಂಡಿಕೇಟರನ್ನೂ ಆರಿಸಿರಲಿಲ್ಲ. ಸದರಿ ವಾಹನವು ತಾನು ಎಡಕ್ಕೆ ತಿರುಗುವುದಾಗಿ ಮುಕ್ಕಾಲು ತಾಸು ಎಲ್ಲರಿಗೂ ತಿಳಿಸುತ್ತ ನಿಂತಿತ್ತು.

ಮಿಸಳು ತಿಂದೆ. ಕೆಂಪು ಎಣ್ಣೆ ತೇಲುವ ರಸವನ್ನು ಎರಡು ಸಲ ಹಾಕಿಸಿಕೊಂಡೆ. ಚಹಾ ಕುಡಿದೆ. ಎದುರಿನ ಬೆಂಚಿನ ಮೇಲಿದ್ದವರು ಕಬ್ಬಿನ ಮಾತು ತೆಗೆದಿದ್ದರು. ನನಗೆ ಒಂದು ಗುಂಟೆ ಹೊಲ ಇಲ್ಲದಿದ್ದರೂ ಆ ಚರ್ಚೆಯಲ್ಲಿ ಸವಿಸ್ತಾರವಾಗಿ ಪಾಲ್ಗೊಂಡೆ. ಇನ್ನೊಂದು ಚಹಾ ಕುಡಿದೆ. ಹೊರಗೆ ಬಂದು ನೋಡಿದರೆ ಮೊಬೈಲು ನಲವತ್ತೊಂದು ಆಗಿತ್ತು. ಸಂತೋಷದಿಂದ ಸ್ಟಾರ್ಟರ್ ಒತ್ತಿದೆ. ಗಾಡಿ ‘ಟಕ್’ ಎಂದಿತು. ಮತ್ತೆ ಒತ್ತಿದೆ. ಮತ್ತೆ ‘ಟಕ್’. ಮೂರನೆಯ ಸಲ ಅದೂ ಇಲ್ಲ. ಕಟ್ಟಿಟ್ಟ ಕಡತ ಆಗ ತಾನಾಗಿಯೇ ಬಿಚ್ಚಿಕೊಂಡಿತು.

ಆಗಲೇ ಮೊಬೈಲು ರಿಂಗಣಿಸಿತು. ಅದಕ್ಕೇನು ಕೊರತೆ, ನಲವತ್ತೊಂದು ಇತ್ತು. ವಾಯರ್ ಬಿಚ್ಚಲೂ ತೋಚದೆ ಹ್ಯಾಂಡಲ್ಲಿಗೆ ಬಾಗಿ, ಸಾಹೇಬರ ಮೇಜಿನ ಮುಂದೆ ನಿಂತಂತೆ ನಿಂತು ಮಾತಾಡಿದೆ. ಅಕ್ಕ. “ತಮ್ಮಾ, ಎಲ್ಲಿ ಅದಿಯಪಾ?” ಹಿಂದೆ ಆಗಿದ್ದರೆ ಈ ಫೋನ್ ಬರುತ್ತಲೇ ಇರಲಿಲ್ಲ, ಚಾರ್ಜ್ ಹೋಗಿರುತ್ತಿತ್ತು. ಈಗ ಉತ್ತರ ಕೊಡಲೇಬೇಕಿತ್ತು. “ಹೊಳಿ ದಾಟೇನಿ ಅಕ್ಕಾ” ಎಂದೆ. “ಹೌದಾ?” ಎಂದಳು ಅಕ್ಕ. “ಹ್ಞೂಂ, ಲಗೂ ಬಾ.” ಆ ‘ಹೌದಾ’ದಲ್ಲಿ ಏನೋ ಇತ್ತು. ನನಗೆ ತಿಳಿಯಲಿಲ್ಲ.

ಹೋಟೆಲಿನಿಂದ ಧೋತರ ಉಟ್ಟ ಒಬ್ಬ ಹಿರಿಯರು ಹೊರಗೆ ಬಂದರು. “ಕಾಯ್ ಝಾಲಂ ಸಾಹೇಬ? ಏನಾತ್ರಿ, ಗಾಡಿ ಸಿಟ್ಟಾತೇನು?” ಎಂದರು. ಹೇಳಿದೆ. ವಾಯರನ್ನು ಕಣ್ಣಿಂದಲೇ ಅಳೆದು, “ಹಂಗಾದ್ರ ಎಮ್ಮೀ ಹಾಲು ಪೂರಾ ಕರುನ ಕುಡದೈತಿ, ನಿಮಗ ಒಂದ ಹನೀನೂ ಉಳದಿಲ್ರಿ” ಎಂದರು. ಆಮೇಲೆ ಕಬ್ಬಿನ ಚರ್ಚೆಯ ಇಬ್ಬರನ್ನು ಕರೆದು, “ಬರ್ರಪಾ, ಸಾಹೇಬ್ರಿಗೆ ನೂಕೂಣು” ಎಂದರು. ಸಾಹೇಬರು ಎಂದರೆ ನಾನು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಹೆಗಲಲ್ಲಿ ಹಸಿರು ಸೀರೆಯ ಚೀಲ. ಗಾಡಿಯನ್ನು ಎರಡನೇ ಗೇರಿಗೆ ಹಾಕಿ ಕ್ಲಚ್ ಹಿಡಿದೆ. ಅವರು ನೂಕಿದರು. ಗಾಡಿ ಕೆಮ್ಮಿತು, ನಿಂತಿತು. ಮತ್ತೆ ನೂಕಿದರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಬಂತು, ಪಕ್ಕಕ್ಕೆ ಸರಿದೆವು. ನಡುವೆ ಮತ್ತೆ ಫೋನು. ಈ ಸಲ ಶೋಭಾ. “ಟ್ರ್ಯಾಕ್ಟರ್ ಅಡ್ಡ ಬಂದಾವು, ಅಥಣಿ ಹತ್ರ ಅದೇನಿ” ಎಂದೆ. ಮಾತಿನ ಅರ್ಧ ನಿಜವಿತ್ತು, ಟ್ರ್ಯಾಕ್ಟರು ಇತ್ತು. ಹಿರಿಯರು ನನ್ನ ಮುಖ ನೋಡಿದರು. “ಅಥಣಿ ಈ ಕಡೆ ಯಾವಾಗ ಬಂತ್ರಿ?” ಎಂದು ಕೇಳಿದರು. ನಾನು ಹ್ಯಾಂಡಲ್ ನೋಡಿದೆ.

ಆರನೆಯ ನೂಕಿಗೆ ಗಾಡಿ ಹೊತ್ತಿಕೊಂಡಿತು. ನಿಲ್ಲಿಸಿ ಕೈಮುಗಿಯಲೂ ಧೈರ್ಯವಾಗದೆ, ನಿಂತರೆ ಮತ್ತೆ ಆರುತ್ತದೆಂಬ ಭಯದಲ್ಲಿ, ಹಿಂದಕ್ಕೆ ನೋಡದೆ ಓಡಿಸಿದೆ. ನೂಕಿದವರಿಗೆ ಧನ್ಯವಾದ ಹೇಳದೆ ಬಂದದ್ದು ಈ ಪ್ರಕರಣದ ಮೊದಲ ನಾಚಿಕೆ. ಹೊಳೆ ದಾಟಿದೆ. ಈ ಸಲ ನಿಜವಾಗಿ ದಾಟಿದೆ. ಅಥಣಿಯಲ್ಲಿ ಮೂರನೆಯ ಫೋನು ಬಂದಾಗ ಗಾಡಿ ನಿಲ್ಲಿಸಲಾಗದೆ ಎತ್ತಲಿಲ್ಲ. ಅದು ರಿಂಗಣಿಸುತ್ತಲೇ ಇತ್ತು, ಹೊಟ್ಟೆ ತುಂಬಿದ ಮಗುವಿನಂತೆ ಗಟ್ಟಿ ದನಿಯಲ್ಲಿ.

ಸತ್ತಿ ಮುಟ್ಟಿದಾಗ ಹನ್ನೆರಡೂವರೆ. ಅಂಗಳದಲ್ಲಿದ್ದ ಹೆಂಗಸರು ನನ್ನನ್ನು ಕಂಡೊಡನೆ ಬಾಯಿಗೆ ಸೆರಗು ಹಿಡಿದರು. ಅಕ್ಕನ ಅತ್ತೆ, ಎಂಬತ್ತು ದಾಟಿದ ಮುದುಕಿ, ಗೋಡೆಗೆ ಆತು ಕುಳಿತಿದ್ದವಳು, “ಬಾರಪಾ ಬಾ. ಎಷ್ಟ ಸಲಾ ಹೊಳಿ ದಾಟಿದಿ? ನಾವು ಒಂದ ಸಲಾನೂ ದಾಟಿದ್ದ ನೋಡಲಿಲ್ಲ” ಎಂದಳು. ಹಿಂದಿನಿಂದ ಯಾರೋ, “ಮುಕ್ಕಾಲು ತಾಸು ಮಿಸಳದ ಹೋಟೆಲ್ ಮುಂದ ಆಸನ ಹಾಕಿದ್ರಲ್ರಿ, ಆಯೀ” ಎಂದರು. ಆಗ ನೆನಪಾಯಿತು ಲೈವ್ ಲೊಕೇಶನ್ನು. ಗಾಡಿಯಿಂದ ಚಾರ್ಜು ಕುಡಿದು ಕುಡಿದು, ನಾನು ನಿಂತ ಜಾಗವನ್ನು ಆ ಮೊಬೈಲು ನಿಮಿಷ ನಿಮಿಷಕ್ಕೂ ಬೀಗರಿಗೆಲ್ಲ ವರದಿ ಮಾಡಿತ್ತು. ಹೋಟೆಲಿನ ಹೆಸರು ಸಹಿತ. ಅದರ ಚಾರ್ಜು ಮುಗಿದಿದ್ದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ.

ಶೋಭಾ ಬಂದು ಚೀಲ ತೆಗೆದುಕೊಂಡಳು. ನನ್ನ ಅಂಗಿಯ ಎದೆಯ ಮೇಲೆ ಕಣ್ಣು ನೆಟ್ಟಳು. ಬಿಳಿ ಅಂಗಿಯ ಮೇಲೆ ಮೂರು ಕೆಂಪು ಎಣ್ಣೆಯ ಹನಿಗಳಿದ್ದವು. “ಇದು ಯಾವ ಟ್ರ್ಯಾಕ್ಟರಿಂದ್ರಿ?” ಎಂದು ಮೆಲ್ಲಗೆ ಕೇಳಿ ಒಳಗೆ ಹೋದಳು.

ಅಲ್ಲಿಯವರೆಗಿನದು ನಗುವ ಮಾತಾಯಿತು. ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೂ ವರದಿ ಪೂರ್ಣವಾಗಬೇಕು. ಸವಿತಾ ಬೆಳಿಗ್ಗೆ ಒಂದು ಲೋಟ ಹಾಲು ಬಿಟ್ಟರೆ ಏನೂ ತೆಗೆದುಕೊಂಡಿರಲಿಲ್ಲ. ಹನ್ನೊಂದೂವರೆಗೆ ಅವಳಿಗೆ ತಲೆ ತಿರುಗಿ, ಗೋಡೆ ಹಿಡಿದು ಕುಳಿತಿದ್ದಳಂತೆ. “ಬ್ಯಾರೆ ಹಸರ ಸೀರಿ ಉಟ್ಟು ಕುಂದರ, ಉಡಿ ತುಂಬತೇವು, ಒಂದ ತುತ್ತು ಉಣ್ಣು” ಎಂದು ಅಕ್ಕ ಅಂಗಲಾಚಿದಳಂತೆ. ಹುಡುಗಿ ಕೇಳಲಿಲ್ಲ. “ಮಾಮಾ ತರಾಕತ್ತಾರ. ಅವರ ಸೀರಿನ ಉಡತೇನಿ.” ಬೀಗರ ಕಡೆಯ ಹೆಂಗಸರು ಮೊಬೈಲಿನಲ್ಲಿ ನಿಂತ ಚುಕ್ಕಿಯನ್ನು ತೋರಿಸಿ ನಕ್ಕಾಗ, “ಅಲ್ಲಿ ನೆಟ್‌ವರ್ಕ್ ಇಲ್ರಿ, ಲೊಕೇಶನ್ ತಪ್ಪ ತೋರಸ್ತೈತಿ. ನಮ್ಮ ಮಾಮಾ ಸುಳ್ಳ ಹೇಳಾವರಲ್ಲ” ಎಂದು ವಾದ ಮಾಡಿದಳಂತೆ. ಇದನ್ನು ನನಗೆ ಹೇಳಿದವಳು ಅಕ್ಕ. ಬೈದು ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸೀರೆ ಉಟ್ಟು ಸವಿತಾ ಕುಳಿತಳು. ಉಡಿ ತುಂಬಿದರು. ಎಲೆಯಲ್ಲಿ ಹೋಳಿಗೆ, ಕರಿಗಡಬು, ಐದು ನಮೂನೆಯ ಅನ್ನ ಬಂದವು. ಮೊದಲ ತುತ್ತನ್ನು ಸೋದರಮಾವ ಕೊಡಬೇಕೆಂದು ಯಾರೋ ಅಂದರು. ನಾನು ಬಾಗಿ ಹೋಳಿಗೆ ಮುರಿದೆ. ಅವಳ ತುಟಿ ಒಣಗಿತ್ತು. ನನಗಷ್ಟೇ ಕೇಳುವಂತೆ ಅವಳು ಕೇಳಿದಳು: “ಎಷ್ಟಾತ್ರಿ ಮಾಮಾ, ಮೊಬೈಲ್?”

“ಐವತ್ತೆಂಟು” ಎಂದೆ. ಕೇಳಿದ ಪ್ರಶ್ನೆಗೆ ನಿಖರವಾಗಿ ಉತ್ತರಿಸುವುದು ನೌಕರಿಯಲ್ಲಿ ಬಂದ ರೂಢಿ.

“ಅದರ ಹೊಟ್ಟಿ ತುಂಬತು. ನಿಮ್ಮ ಹೊಟ್ಟಿನೂ ತುಂಬತು. ನಮ್ಮಿಬ್ಬರದೂ ಒಂಚೂರು ನೋಡ್ರಿ ಇನ್ನ” ಎಂದು ಬಾಯಿ ತೆರೆದಳು. ನಗುತ್ತಲೇ ಹೇಳಿದಳು. ಆ ‘ನಮ್ಮಿಬ್ಬರದೂ’ ಕೇಳಿ, ತುತ್ತನ್ನು ಅವಳ ಬಾಯಿಗಿಟ್ಟು ಕಣ್ಣು ಒರೆಸಿಕೊಂಡೆ. ಸುತ್ತಲಿನವರು ಮಾವನಿಗೆ ಸಂತೋಷದಿಂದ ಕಣ್ಣು ತುಂಬಿತೆಂದರು. ಆ ತಪ್ಪು ಅಭಿಪ್ರಾಯವನ್ನು ನಾನು ತಿದ್ದಲಿಲ್ಲ. ಅದು ಆ ದಿನದ ಮೂರನೆಯ ಸುಳ್ಳು.

ತರುವಾಯದ ಬೆಳವಣಿಗೆಗಳು ಹೀಗಿವೆ. ಗಾಡಿಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಸತ್ತಿಯಿಂದ ಮರಳುವಾಗ ಆ ಹೋಟೆಲಿನ ಮುಂದೆ ನಿಂತು ಹಿರಿಯರನ್ನು ಹುಡುಕಿದೆ, ಸಿಗಲಿಲ್ಲ. ಚಹಾ ಕುಡಿಯದೆಯೇ ಹೊರಟೆ. ಸವಿತಾಗೆ ಹೆಣ್ಣುಮಗು ಆಗಿದೆ, ತಾಯಿ ಮಗು ಕ್ಷೇಮ. ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಕರೆಯುವಾಗ ಅವಳು, “ಮಾಮಾ, ಲೊಕೇಶನ್ ಬ್ಯಾಡ್ರಿ. ಹಿಂದಿನ ದಿನಾನ ಬಂದಬಿಡ್ರಿ” ಎಂದಳು. ಹೋದೆ, ಬಸ್ಸಿಗೆ. ಈಗ ಯಾರಾದರೂ ಎಲ್ಲಿದ್ದೀರೆಂದರೆ ನಿಜವನ್ನೇ ಹೇಳುತ್ತೇನೆ. ಯಾರೂ ನಂಬುವುದಿಲ್ಲ. ಮೊನ್ನೆ ಸತ್ತಿಗೆ ಹೋಗುವಾಗ ರಾಯಬಾಗದಲ್ಲಿ ನಿಂತು ರಾಯಬಾಗದಲ್ಲಿದ್ದೇನೆ ಎಂದರೆ, ಮುಂಚೆಯೇ ಅಲ್ಲಿಗೆ ಹೋಗಿದ್ದ ಶೋಭಾ, “ಹಂಗಾದ್ರ ಇನ್ನೂ ಚಿಕ್ಕೋಡಿ ಬಿಟ್ಟಿಲ್ಲ” ಎಂದು ಪಕ್ಕದವರಿಗೆ ಹೇಳಿದ್ದು ಫೋನಿನಲ್ಲಿ ನನಗೇ ಕೇಳಿಸಿತು.

ಕೊನೆಯದಾಗಿ, ಈ ಬರಹದಲ್ಲಿ ಕಾಣುವ ಒತ್ತು, ದೀರ್ಘ, ಕಾಗುಣಿತದ ದೋಷಗಳನ್ನು ಓದುಗರು ದಯವಿಟ್ಟು ತಾವೇ ತಿದ್ದಿಕೊಳ್ಳಬೇಕಾಗಿ ಬೇಡುತ್ತೇನೆ. ಕೆಂಪು ಶಾಯಿಯಲ್ಲಿ ತಿದ್ದಿದರೂ ನನಗೆ ಬೇಸರವಿಲ್ಲ. ಆ ಬಿಳಿ ಅಂಗಿಯನ್ನು ಶೋಭಾ ಎಷ್ಟು ಒಗೆದರೂ ಮೂರು ಹನಿ ಹಾಗೆಯೇ ಉಳಿದಿವೆ. ಕಛೇರಿಗೆ ಅದನ್ನೇ ಹಾಕಿಕೊಂಡು ಹೋಗುತ್ತೇನೆ. ಬಿಳಿಯ ಮೇಲಿನ ಕೆಂಪು ಗುರುತು ನನಗೀಗ ರೂಢಿಯಾಗಿದೆ.