ಕಬ್ಬಿಣದ ಮಗ್ಗುಲಿನ ಬಂಗಾರ

ನೆಲದೊಳಗೆ ಎರಡು ವಸ್ತು ಒತ್ತೊತ್ತಾಗಿ ಬಿದ್ದಿದ್ದರೆ ನೆಲದ ಮೇಲಿರುವವರು ನಗೆಪಾಟಲಾಗುವುದು ತಪ್ಪಿದ್ದಲ್ಲ. ನಮ್ಮದು ನ್ಯಾಮತಿ ಕಡೆ. ಮಣ್ಣಲ್ಲಿ ಮುಚ್ಚಿಹೋದ ವಾಲ್ವು, ಕಳೆದುಹೋದ ಒಡವೆ ಹುಡುಕಿಕೊಡಲು ಒಂದು ಮೆಟಲ್ ಡಿಟೆಕ್ಟರ್ ಇಟ್ಟುಕೊಂಡಿದ್ದೇನೆ. ಉದ್ದನೆ ಕೋಲು, ತುದಿಗೆ ಒಂದು ತಟ್ಟೆ. ಲೋಹ ಹತ್ತಿರ ಬಂದರೆ ಕೂಗುತ್ತದೆ. ನಿಧಿ ಹುಡುಕಲು ಕರೆದರೆ ಹೋಗುವುದಿಲ್ಲ. ಉಳಿದ ಕೆಲಸಕ್ಕೆ ಬೆಳಗಿನ ಪೂಜೆ ಮುಗಿಸಿ ಹೊರಡುತ್ತೇನೆ.

ಬಗ್ಗಿದಲ್ಲೆಲ್ಲ

ಹೊನ್ನಾಳಿ ಹತ್ತಿರ ಒಬ್ಬ ರೈತರು ಟ್ರ್ಯಾಕ್ಟರಿನಿಂದ ನೆಲ ಸಮ ಮಾಡಿಸುವಾಗ ನೀರಿನ ಗೇಟ್‌ವಾಲ್ವು ಮಣ್ಣಲ್ಲಿ ಮುಚ್ಚಿಹೋಗಿತ್ತು. ನಾನು ನಿಂತು ಆಡಿಸಿದರೆ ಮೆಷಿನ್ ಸುಮ್ಮನೆ. ಬಗ್ಗಿ ನೋಡಿದರೆ ಕೂಗು. ಕೂಗಿದಲ್ಲೆಲ್ಲ ಅಗೆಸಿದೆ. ಬರೀ ಮಣ್ಣು.

ಕೊನೆಗೆ ಆ ರೈತರು ನನ್ನ ಎದೆಯ ಕಡೆ ಬೆರಳು ತೋರಿಸಿದರು. ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ, ನಾನು ಬಗ್ಗಿದಾಗಲೆಲ್ಲ ಜೋತುಬಿದ್ದು ತಟ್ಟೆಯ ಮೇಲೆ ತೂಗುತ್ತಿತ್ತು.

"ದೇವರು ಎಲ್ಲಾ ಕಡೆ ಅದಾನೆ ಅಂತ ನಮಗೂ ಗೊತ್ತೈತೆ ಯಜಮಾನ್ರೆ," ಎಂದರು. "ವಾಲ್ವು ಎಲ್ಲೈತೆ, ಅದನ್ನ ಹೇಳ್ರಿ."

ಒಂದೇ ಕೂಗು

ಉಬ್ರಾಣಿ ಕಡೆ ಇಬ್ಬರು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡಿದ್ದರು. ಬದುವಿನ ಗುರುತಿಗೆ ಅಪ್ಪ ನೆಟ್ಟ ಕಬ್ಬಿಣದ ಸಲಾಕೆ ಮಣ್ಣಲ್ಲಿ ಹೂತುಹೋಗಿತ್ತು. ಅದು ಸಿಕ್ಕಿದಲ್ಲೇ ಗಡಿ ಎಂದು ಇಬ್ಬರೂ ಒಪ್ಪಿಕೊಂಡಿದ್ದರು.

ಬದುವಿನಗುಂಟ ತಟ್ಟೆ ಆಡಿಸಿದೆ. ಒಂದು ಉದ್ದನೆ ಕೂಗು. "ಸಿಕ್ತಲ್ಲ" ಎಂದು ಇಬ್ಬರೂ ಒಟ್ಟಿಗೇ ನಿಟ್ಟುಸಿರು ಬಿಟ್ಟರು. ಆದರೆ ಕೂಗು ಉದ್ದವಾದರೆ ನನಗೆ ಅನುಮಾನ. ಹತ್ತಿರ ಹತ್ತಿರ ಇರುವ ಎರಡು ವಸ್ತು ಒಂದು ದಿಕ್ಕಿನಿಂದ ಒಂದೇ ಆಗಿ ಕೇಳಿದರೂ ಇನ್ನೊಂದು ದಿಕ್ಕಿನಿಂದ ಬೇರೆಯಾಗುವುದುಂಟು. ಅಡ್ಡ ತಿರುಗಿ ನಿಧಾನವಾಗಿ ಆಡಿಸಿದೆ. ಕೂಗು ಎರಡಾಯಿತು. ಅಗೆದರೆ ಗೇಣಗಲದಲ್ಲಿ ಎರಡು ಸಲಾಕೆ.

ಅಪ್ಪ ನೆಟ್ಟದ್ದು ಒಂದೇ. ಇನ್ನೊಂದು ಯಾರದೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಣ್ಣ ಮೆಲ್ಲಗೆ ಹೇಳಿದ: "ಒಂದೇ ಕೂಗಿತ್ತು, ನೆಮ್ಮದಿಯಾಗಿದ್ವಿ. ನಿಮಗ್ಯಾರ್ರೀ ಅಡ್ಡ ತಿರುಗಾಕೆ ಹೇಳಿದ್ದು?"

ಓಡಿಹೋಗುವ ಬಂಗಾರ

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು ಈರುಳ್ಳಿ ಕಳೆ ತೆಗೆಯುವಾಗ ದಾರ ಹರಿದು ತಾಳಿ ಮಣ್ಣುಪಾಲಾಗಿತ್ತು. ಅತ್ತೆಗೆ ಅವರ ಅತ್ತೆ ಕಟ್ಟಿಸಿದ ತಾಳಿ. ಅದನ್ನೇ ಅವರು ಮಗನ ಮದುವೆಗೆ ಕೊಟ್ಟಿದ್ದರು. ಹುಡುಗಿ ಕೊರಳಿಗೆ ಅರಿಶಿನದ ಕೊಂಬು ಕಟ್ಟಿಕೊಂಡು, ಅನ್ನ ಬಿಟ್ಟು ಕೂತಿದ್ದಳು. ಅತ್ತೆ ಒಂದು ಮಾತೂ ಬೈದಿರಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ.

ಹೊಲಕ್ಕೆ ಹೋಗಿ ತಟ್ಟೆ ಆಡಿಸಿದರೆ ಎಲ್ಲಿ ನೋಡಿದರೂ ಕಬ್ಬಿಣದ ಕೂಗು. ಈರುಳ್ಳಿ ಮಡಿಯ ತುಂಬ ಮೊಳೆ ಹೊಡೆದಿದ್ದಾರೆ.

"ಯಾರು ಹೊಡೆದದ್ದು ತಾಯಿ?"

"ನಾನೇ," ಎಂದರು ಅತ್ತೆ. "ಮಣ್ಣಿಗೆ ಬಿದ್ದ ಬಂಗಾರ ಸರೀತೈತೆ. ಕಬ್ಬಿಣ ಹೊಡೆದ್ರೆ ಅಲ್ಲೇ ನಿಲ್ತೈತೆ."

"ಕಬ್ಬಿಣದ ಮಗ್ಗುಲಲ್ಲಿ ಬಂಗಾರದ ಸದ್ದು ಕೇಳಲ್ಲ ತಾಯಿ. ದೊಡ್ಡ ಗಂಟಲಿನವರ ಪಕ್ಕ ಸಣ್ಣ ದನಿಯವರು ಕೂತಂಗೆ. ಮೊಳೆ ಕೀಳಬೇಕು."

"ಕಿತ್ರೆ ಓಡಿಹೋಗ್ತೈತಲ್ರೀ."

ಬಹಳ ಹೊತ್ತು ವಾದವಾಯಿತು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ದಾರ ಹರಿದ ಜಾಗದಲ್ಲಿ ಮೊಳೆಯ ಬದಲು ತಾವೇ ಕೂರುತ್ತಾರೆ. ಸೆರಗು ಸಿಕ್ಕಿಸಿಕೊಂಡು ಮಡಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟರು.

ಮೊಳೆ ಕಿತ್ತು, ಕೋಲಿಗೆ ಸಣ್ಣ ತಟ್ಟೆ ಹಾಕಿಕೊಂಡು ಅವರ ಸುತ್ತ ಇಡೀ ಮಡಿ ಹುಡುಕಿದೆ. ಇಲ್ಲ. ಉಳಿದದ್ದು ಒಂದೇ ಜಾಗ. ಹಿರಿಯರನ್ನು ಏಳಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಬದುವಿನ ಮೇಲಿದ್ದ ಸೊಸೆಯೇ ಹತ್ತಿರ ಬಂದಳು. "ಅತ್ತೇ, ಒಂದೀಟು ಏಳ್ರಿ."

"ನಾನೆದ್ರೆ ಹೋತು ನೋಡು."

"ಹೋದ್ರೆ ನನ್ ತಾಳಿ ಹೋಗ್ತೈತೆ. ಏಳ್ರಿ."

ಆ ಮನೆಗೆ ಬಂದ ಮೇಲೆ ಅವಳು ಎದುರಾಡಿದ್ದು ಅದೇ ಮೊದಲಿರಬೇಕು. ಅತ್ತೆ ಅವಳನ್ನೇ ನೋಡುತ್ತ ಅವಳ ಕೈ ಹಿಡಿದು ಎದ್ದರು. ತಟ್ಟೆ ಇಟ್ಟೆ. ಸಣ್ಣದಾಗಿ, ಸ್ಪಷ್ಟವಾಗಿ ಒಂದು ಕೂಗು. ಹುಡುಗಿ ಬೆರಳಿಂದ ಮಣ್ಣು ಕೆದಕಿದಳು. ತಾಳಿ ಕೈಗೆ ಬಂತು. ಅದನ್ನು ಕಣ್ಣಿಗೊತ್ತಿಕೊಂಡು ಅಳತೊಡಗಿದಳು.

ಅತ್ತೆ ಸೀರೆಗಂಟಿದ್ದ ಮಣ್ಣು ಕೊಡವಿಕೊಂಡು ನನ್ನ ಮೆಷಿನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ನೋಡಿದ್ರಾ? ನಾನು ಕೂತಿದ್ದಕ್ಕೆ ಉಳೀತು."